ಹೆಗಲೆತ್ತರದ ಕಂಬ

ಆಚಾರಪ್ಪನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಚರ್ಮ ಬಿಗಿದುಕೊಂಡು, ಬಹಳ ಕಾಲ ಕೂತು ಸವೆಸಿದ ಮಣೆಯ ಹಾಗೆ ಹೊಳೆಯುತ್ತಿತ್ತು. ಯಾರಾದರೂ ಹಳೆಯ ಗುದ್ದಲಿಯನ್ನೋ ಕೊಡಲಿಯನ್ನೋ ತಂದುಕೊಟ್ಟರೆ ಅವರು ಕಬ್ಬಿಣದ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿ, ಆ ಬೋಳು ಬೆರಳನ್ನು ಮರದ ಕಾವಿನ ಉದ್ದಕ್ಕೂ ಎಳೆದು, ಒಂದು ಕಡೆ ನಿಲ್ಲಿಸಿ, "ಇಲ್ಲಿ ಹಿಡೀತೀಯ. ಎಡಚ ನೀನು" ಎನ್ನುತ್ತಿದ್ದರು. ತಂದವನು ತಾನು ಎಡಚನಲ್ಲವೆಂದು ವಾದ ಮಾಡಿ, ಆಮೇಲೆ ತನ್ನ ಎರಡು ಕೈಗಳನ್ನೂ ಸಂಶಯದಿಂದ ನೋಡಿಕೊಳ್ಳುತ್ತಿದ್ದ.

ಬಲಗೈ ಎಂದು ಬರೆದೆ. ನನ್ನ ಕಣ್ಣಿಗೆ ಕಟ್ಟಿದಂತಿರುವುದು ಬಲಗೈಯೇ. ಆದರೆ ಆ ವರ್ಷದ ದಿನಚರಿಯನ್ನು ತೆಗೆದು ನೋಡಿದರೆ ನನ್ನದೇ ಅಕ್ಷರದಲ್ಲಿ 'ಎಡಗೈ ಹೆಬ್ಬೆರಳು' ಎಂದಿದೆ. ಇಷ್ಟು ಸಣ್ಣ ವಿಷಯದಲ್ಲೇ ನೆನಪು ಕೈ ಬದಲಾಯಿಸಿಕೊಂಡಿದ್ದರೆ ದೊಡ್ಡ ವಿಷಯಗಳಲ್ಲಿ ಏನೇನು ಮಾಡಿಟ್ಟಿದೆಯೋ ಎಂಬ ಅಳುಕಿನಲ್ಲೇ ಮುಂದಿನದನ್ನು ಬರೆಯುತ್ತಿದ್ದೇನೆ. ನನಗೆ ನೋಡುವುದನ್ನು ಕಲಿಸಿದವರು ಅವರು. ಆ ನೋಟವನ್ನು ನಮ್ಮ ಮನೆಯ ಮೇಲೆಯೇ ತಿರುಗಿಸಿದವರೂ ಅವರೇ. ಎರಡನೆಯದನ್ನು ನಾನು ಇಷ್ಟು ವರ್ಷ ಮೋಸ ಎಂದೇ ಕರೆಯುತ್ತ ಬಂದಿದ್ದೇನೆ.

ನಮ್ಮೂರು ಮರಕ್ಕಡವು. ಕಬಿನಿಯ ಈಚೆ ದಡ ವಯನಾಡು, ಆಚೆ ದಡ ಮೈಸೂರು ಸೀಮೆ. ಹೊಳೆಯಾಚೆಯಿಂದ ಬಂದು ಇಲ್ಲಿ ನೆಲೆ ನಿಂತ ನನ್ನ ಅಜ್ಜ ಜನರನ್ನು ಹೊಳೆ ದಾಟಿಸಲೆಂದು ಹಾಕಿದ ತೋಣಿಯನ್ನು ಅಪ್ಪ ನಡೆಸುತ್ತಿದ್ದ. ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ಮಲಯಾಳ, ತೋಣಿಯಲ್ಲಿ ಎರಡೂ ಕಲಸಿಕೊಂಡ ಮಾತು. ಮಲಬಾರು ಕೇರಳಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ತೆಂಕಲಿನ ತಿರುವಾಂಕೂರಿನಿಂದ ಕುಟುಂಬಗಳಿಗೆ ಕುಟುಂಬಗಳೇ ಬಂದು ಕಾಡು ಕಡಿದು ಮರಗೆಣಸು ಊರುತ್ತಿದ್ದ ಕಾಲ ಅದು. ವಾರಕ್ಕೊಂದು ಹೊಸ ಗುಡಿಸಲು ಏಳುತ್ತಿತ್ತು. ಬಂದವರಿಗೆಲ್ಲ ಗುದ್ದಲಿಗೆ ಕಾವು, ಮನೆಗೆ ಬಾಗಿಲು, ಮಲಗಲು ಮಂಚ ಬೇಕು. ಹಾಗಾಗಿಯೇ ಕೇಣಿಚಿರದ ಜಂಕ್ಷನ್ನಿನಲ್ಲಿ ಮರಗೆಲಸ ಮಾಡಿಕೊಂಡಿದ್ದ ಆಚಾರಪ್ಪ ಉಳಿ, ಬಾಚಿಗಳನ್ನು ಗೋಣಿಯಲ್ಲಿ ಕಟ್ಟಿಕೊಂಡು ನಮ್ಮೂರಿಗೆ ಬಂದದ್ದು. ಅವರೂ ಮೂಲದಲ್ಲಿ ಹೊಳೆಯಾಚೆಯವರು. ಮಾತಾಡಲು ಕನ್ನಡದ ಮನೆ ಸಿಕ್ಕಿತೆಂದು ನಮ್ಮಲ್ಲಿಗೆ ಬಂದು ಹೋಗಿ ಮಾಡುತ್ತಿದ್ದರು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದೆ. ಕಾಲೇಜಿಗೆ ಸೇರಿಸುತ್ತೇನೆಂದಿದ್ದ ಮೈಸೂರಿನ ಸೋದರಮಾವ ಒಂದು ವರ್ಷ ತಡೆಯಲು ಹೇಳಿದ್ದರು. ಆಗಲೇ ಅವ್ವನ ಈಳಿಗೆಮಣೆ ಸೀಳು ಬಿಟ್ಟಿತು. ಹೊಸದು ಮಾಡಿಕೊಡಲು ಬಂದ ಆಚಾರಪ್ಪ ಅಳತೆ ತೆಗೆದುಕೊಳ್ಳಲಿಲ್ಲ, ಏನೂ ಕೇಳಲಿಲ್ಲ. ಅಡುಗೆಮನೆಯ ಹೊಸ್ತಿಲ ಹೊರಗೆ ಕಾಫಿ ಲೋಟ ಹಿಡಿದು ಅವ್ವ ತರಕಾರಿ ಹೆಚ್ಚುವುದನ್ನು ನೋಡುತ್ತ ಕೂತರು.

"ಮಣೆ ಮಾಡಾಕೆ ಬಂದೋರು ಹೆಣ್ಣು ನೋಡಾಕೆ ಬಂದಂಗೆ ಕುಂತವ್ರಲ್ಲ" ಎಂದು ಅವ್ವ ನನ್ನ ಕಿವಿಯಲ್ಲಿ ಗೊಣಗಿದಳು.

ಅವರಿಗೆ ಕೇಳಿಸಿತು. ನಕ್ಕು, ನನ್ನನ್ನು ಕರೆದು, "ನಿಮ್ಮವ್ವ ಹೆಚ್ಚೋವಾಗ ಕಾಲಲ್ಲಿ ಏನು ಮಾಡ್ತವ್ಳೆ ಹೇಳವ್ವ" ಎಂದರು.

"ಏನಿಲ್ಲ. ಮಣೆ ತುಳಿದು ಕೂತಿದ್ದಾಳೆ."

"ಇನ್ನೊಂದು ಸಲ ನೋಡು."

ಮೂರನೆಯ ಬದನೆಕಾಯಿಗೆ ನನಗೆ ಕಂಡಿತು. ಮಣೆ ಒಂದಿಷ್ಟೇ ಮುಂದಕ್ಕೆ ಜಾರುತ್ತಿತ್ತು, ಅವ್ವ ಹಿಮ್ಮಡಿಯಿಂದ ಅದನ್ನು ಹಿಂದಕ್ಕೆಳೆದುಕೊಳ್ಳುತ್ತಿದ್ದಳು. ಹದಿನೆಂಟು ವರ್ಷ ಅವಳ ಪಕ್ಕದಲ್ಲೇ ಕೂತು ಬೆಳೆದವಳು ನಾನು, ಅದನ್ನು ಒಮ್ಮೆಯೂ ಕಂಡಿರಲಿಲ್ಲ. ಹೊಸ ಮಣೆ ಬಂದಾಗ ಅದರಲ್ಲಿ ಹಿಮ್ಮಡಿ ಕೂರುವಷ್ಟು ಒಂದು ತಗ್ಗು ಇತ್ತು. "ನಾನ್ಯಾವತ್ತು ಹಿಮ್ಮಡೀಲಿ ಎಳ್ಕಂಡಿದ್ದೆ? ಈ ಗುಳಿ ಯಾತಕ್ಕೆ?" ಎಂದು ಅವ್ವ ಜಗಳ ತೆಗೆದಳು. ಹಾಗೆನ್ನುವಾಗ ಅವಳ ಹಿಮ್ಮಡಿ ಆ ಗುಳಿಯಲ್ಲಿತ್ತು.

ಆ ದಿನದಿಂದ ನಾನು ಅವರ ಕೆಲಸದ ಚಪ್ಪರದಡಿ ಹೋಗಿ ಕೂರತೊಡಗಿದೆ. ಉಳಿ ಹಿಡಿಯುವುದನ್ನು ಅವರು ನನಗೆ ಕಲಿಸಲಿಲ್ಲ. ದಾರಿಯ ಕಡೆ ಮುಖ ಮಾಡಿ ಕೂರಿಸಿ, ಜನ ತಮಗೇ ಗೊತ್ತಿಲ್ಲದೆ ಮಾಡುವುದನ್ನು ಹುಡುಕಲು ಹೇಳಿದರು. "ಕೇಳಬ್ಯಾಡ ಕಣವ್ವ. ಕೇಳಿದ್ರೆ ಜನ ಚೆಂದಾಗಿ ಏನೋ ಒಂದು ಹೇಳ್ತರೆ. ಕೈಗೆ ಚೆಂದಾಗಿ ಹೇಳಾಕೆ ಬರಲ್ಲ." ಇದನ್ನು ಅವರು ಒಂದೇ ಸಲ ಹೇಳಿದರೋ ಹತ್ತು ಸಲವೋ, ನನಗೆ ಹತ್ತು ಸಲ ಕೇಳಿದಂತಿದೆ. ಕಾಡು ಅಗೆಯುವ ತೆಂಕಲಿನ ಗಂಡಸರು ದಣಿವಾರಿಸಿಕೊಳ್ಳುವಾಗ ಗುದ್ದಲಿಯನ್ನು ನೆಲಕ್ಕೂರಿ, ಕಾವಿನ ತುದಿಯ ಮೇಲೆ ಎರಡೂ ಅಂಗೈ ಇಟ್ಟು, ಅದರ ಮೇಲೆ ಗದ್ದ ಇಡುತ್ತಿದ್ದರು. ಆಚಾರಪ್ಪ ಅವರ ಕಾವುಗಳನ್ನು ನಾಲ್ಕು ಬೆರಳು ಉದ್ದ ಬಿಟ್ಟು, ತುದಿಯನ್ನು ದುಂಡಗೆ ಉಜ್ಜಿ ಕೊಡುತ್ತಿದ್ದರು. ಯಾಕೆಂದು ಯಾರಿಗೂ ಗೊತ್ತಾಗಲಿಲ್ಲ. ಆದರೆ ಆಮೇಲೆ ಯಾರೂ ಬೇರೆ ಕಡೆ ಕಾವು ಮಾಡಿಸಲಿಲ್ಲ. ಹೊರೆ ಹೊತ್ತವರು ಚಹದಂಗಡಿಗೆ ಬಂದರೆ ಮೊದಲು ಒಂದು ಕಾಲನ್ನು ಎಲ್ಲಾದರೂ ಎತ್ತಿ ಇಡಲು ನೋಡುತ್ತಾರೆ ಎಂದು ಒಂದು ಸಂಜೆ ನಾನು ಹೇಳಿದೆ. ಮರುದಿನ ಅಂಗಡಿಯ ಬೆಂಚಿನ ಕೆಳಗೆ ಒಂದು ಅಡ್ಡಪಟ್ಟಿ ಬಂದಿತ್ತು. ನನ್ನ ಕಣ್ಣಿಗೆ ಬಿದ್ದದ್ದೊಂದು ಮರದಲ್ಲಿ ಮೂಡಿದ್ದು ಅದೇ ಮೊದಲು. ಅಂದು ನಾನು ಮನೆಗೆ ನಡೆದುಹೋದದ್ದು ನೆನಪಿಲ್ಲ, ಓಡಿರಬೇಕು.

ಮಳೆಗಾಲ ಕಳೆದು ಹೊಳೆ ಇಳಿದ ಮೇಲೆ ಅವರು ದೊಡ್ಡ ಕೆಲಸ ಕೊಟ್ಟರು. "ನಿಮ್ಮಪ್ಪನ ಕಡವಿನಲ್ಲಿ ಒಂದು ತಿಂಗಳು ಕುಂತ್ಕೊ. ಹತ್ತೋರು ಇಳಿಯೋರು ಏನು ಮಾಡ್ತರೆ, ಬರಿ. ಏನಂತರೆ ಅನ್ನೋದು ಬ್ಯಾಡ."

ಬರೆದೆ. ಅಪ್ಪನ ಕಡವು, ತೋಣಿ ಹತ್ತಿ ಇಳಿಯುವ ಜಾಗ, ಬಿದಿರು ಮೆಳೆಯ ಕೆಳಗೆ, ಅಜ್ಜನ ಕಾಲದಿಂದ ಅದೇ ಜಾಗದಲ್ಲಿತ್ತು. ನೀರು ಇಳಿದರೆ ಅಲ್ಲಿ ಮೊಣಕಾಲುದ್ದ ಕೆಸರು. ದಾರಿಯಲ್ಲಿ ಬಂದವರು ನೇರ ಕಡವಿಗೆ ಇಳಿಯುತ್ತಿರಲಿಲ್ಲ. ಕೊನೆಯ ತಿರುವಿನಲ್ಲಿ ಅವರ ಕಾಲು ತಾನಾಗಿ ಮೇಲ್ಹೊಳೆಯ ಕಡೆ ತಿರುಗಿ, ನಲವತ್ತು ಹೆಜ್ಜೆಯಾಚೆ ಇದ್ದ ಹಾಸುಬಂಡೆಗೆ ಹೋಗುತ್ತಿತ್ತು. ಅಲ್ಲಿ ಹೊರೆ ಇಳಿಸಿ, ಮುಂಡು ಎತ್ತಿ ಕಟ್ಟಿ, ಆಚೆ ದಡ ನೋಡಿ, ಮತ್ತೆ ಹೊರೆ ಹೊತ್ತು ಕೆಳಗೆ ಕೆಸರಿಗೆ ಬರುತ್ತಿದ್ದರು. ದಿನಕ್ಕೆ ಎಷ್ಟು ಜನ ಬಂದರೂ ಎಲ್ಲರೂ ಹೀಗೆಯೇ. ಯಾಕೆ ಎಂದು ಅವರು ಯೋಚಿಸಿರಲಿಲ್ಲ, ಅಪ್ಪನೂ ಯೋಚಿಸಿರಲಿಲ್ಲ.

ಇನ್ನೊಂದು ವಿಷಯ ಕಾಣಲು ಹನ್ನೆರಡು ದಿನ ಹಿಡಿಯಿತು. ತೋಣಿ ದಡಕ್ಕೆ ತಾಗಿದೊಡನೆ ಅಪ್ಪ ನೀರಿಗಿಳಿದು ಮೂತಿ ಹಿಡಿದು ನಿಲ್ಲುತ್ತಿದ್ದ. ಇಳಿಯುವವರು ಒಬ್ಬೊಬ್ಬರೂ ಅವನ ಬಲ ಹೆಗಲ ಮೇಲೆ ಕೈಯಿಟ್ಟು ಇಳಿಯುತ್ತಿದ್ದರು. ಅವನ ಮುಖ ನೋಡುತ್ತಿರಲಿಲ್ಲ. ಮಾತು ಎಲ್ಲೋ ನಡೆದಿರುತ್ತಿತ್ತು, ಕೈ ಮಾತ್ರ ಹೆಗಲಿಗೆ ಬರುತ್ತಿತ್ತು. ತೋಣಿಯವನನ್ನು ಮುಟ್ಟಬಾರದೆನ್ನುವ ಜನರ ಕೈಯೂ ಬರುತ್ತಿತ್ತು. ಅಪ್ಪನ ಎಲ್ಲ ಅಂಗಿಗಳಿಗೂ ಬಲ ಹೆಗಲಿನಲ್ಲೇ ತೇಪೆ ಏಕೆ ಬೀಳುತ್ತದೆ ಎಂದು ಅವ್ವನಿಗೆ ಇದ್ದ ಒಗಟನ್ನು ಆ ದಿನ ನಾನು ಬಿಡಿಸಿದೆ. ಕಡವಿಗೆಂದೇ ಇಟ್ಟಿದ್ದ ನೋಟುಪುಸ್ತಕದಲ್ಲಿ ಹೀಗೆ ಬರೆದಿದ್ದೇನೆ: 'ಅಪ್ಪನ ಬಲ ಹೆಗಲು ಎಡಕ್ಕಿಂತ ಇಳಿದಿದೆ, ಹುಟ್ಟು ಹಾಕಿ ಹಾಕಿ. ಜನರ ಕೈಗೆ ಅದೇ ಸರಿಯಾಗಿದೆ.'

ಆಚಾರಪ್ಪ ಆ ಪುಟವನ್ನು ಎರಡು ಸಲ ಓದಿದರು. ಆಮೇಲೆ, "ಅಂದ್ರೆ ಅಲ್ಲೊಂದು ಕಂಬ ಇಲ್ಲ. ನಿಮ್ಮಪ್ಪನೇ ಕಂಬ" ಎಂದರು. ನನಗೆ ಹೆಮ್ಮೆಯಾಯಿತು. ಪುಸ್ತಕ ಇಲ್ಲೇ ಇರಲಿ ಎಂದರು, ಬಿಟ್ಟುಬಂದೆ.

ಅದೇ ವಾರ ಮರಗೆಣಸಿನ ಬುಟ್ಟಿ ಹೊತ್ತಿದ್ದ ಒಬ್ಬರು ಚೇಡತ್ತಿ (ತೆಂಕಲಿಂದ ಬಂದ ಹಿರಿಯ ಹೆಂಗಸರನ್ನು ನಾವು ಹಾಗೆನ್ನುತ್ತಿದ್ದೆವು) ಕಡವಿನ ಕೆಸರಿನಲ್ಲಿ ಜಾರಿ ಬಿದ್ದು ಮೊಣಕಾಲು ಮುರಿದುಕೊಂಡರು. ಅಪ್ಪ ಅವರನ್ನು ಎತ್ತಿಕೊಂಡೇ ಮೇಲಿನ ದಾರಿಯವರೆಗೆ ನಡೆದ.

ಕೆಲವು ದಿನಗಳ ಮೇಲೆ ಆಚಾರಪ್ಪ ಒಂದು ನೂಲಿನ ಹುರಿ ಹಿಡಿದು ಕಡವಿಗೆ ಬಂದರು. ಅಪ್ಪನಿಗೆ ಹೊಸ ಹುಟ್ಟು ಮಾಡಿಕೊಡುತ್ತೇನೆ, ಹುಟ್ಟು ಹೆಗಲೆತ್ತರ ಇರಬೇಕು, ಅಳತೆ ಬೇಕು ಎಂದರು. "ನೀನೇ ಮೇಲೆ ಹಿಡಿಯವ್ವ" ಎಂದು ಹುರಿಯ ಒಂದು ತುದಿ ನನಗೆ ಕೊಟ್ಟರು. ನಾನು ಅಪ್ಪನ ಬಲ ಹೆಗಲ ಮೇಲೆ ಬೆರಳೊತ್ತಿ ಹಿಡಿದೆ. ಅವರು ಅಪ್ಪನ ಪಾದದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಗಂಟು ಹಾಕಿದರು.

"ಆಚಾರಿ, ಚಟ್ಟಕ್ಕೆ ಅಳತೆ ತಗೀತಿದ್ದೀಯೋ ಹೆಂಗೆ?" ಎಂದ ಅಪ್ಪ.

"ಚಟ್ಟಕ್ಕಾದ್ರೆ ತಲೇವರ್ಗೂ ಬೇಕಲ್ಲಣ್ಣ" ಎಂದರು ಆಚಾರಪ್ಪ. ಮೂವರೂ ನಕ್ಕೆವು.

ಹುಟ್ಟು ಬಂತು. ಅಷ್ಟು ಹಗುರಾದ, ಕೈಗೆ ಅಷ್ಟು ಒಗ್ಗಿದ ಹುಟ್ಟನ್ನು ಅಪ್ಪ ತನ್ನ ಜನ್ಮದಲ್ಲಿ ಹಿಡಿದಿರಲಿಲ್ಲ. ಹದಿನೈದು ದಿನದೊಳಗೆ ಮೇಲ್ಹೊಳೆಯ ಹಾಸುಬಂಡೆಯ ಮೇಲೆ ತೆಂಕಲಿಂದ ಬಂದು ನೆಲೆಸಿದವರು ಕಟ್ಟಿಕೊಂಡಿದ್ದ ಕಮಿಟಿಯವರು ಹಲಗೆಯ ಅಟ್ಟಣೆ ಕಟ್ಟಿಸಿದರು. ಬಂಡೆಯ ಬುಡದ ಬಿರುಕಿನಲ್ಲಿ, ನೀರಿನೊಳಗಿಂದ ಎದ್ದಂತೆ, ಒಂದು ಮತ್ತಿಯ ಕಂಬ ನೆಟ್ಟಿದ್ದರು. ಮೊಣಕಾಲು ನೀರಿನಲ್ಲಿ ಮನುಷ್ಯನೊಬ್ಬ ನಿಂತ ಹಾಗಿತ್ತು ಅದು. ಕಂಬದ ತಲೆಯನ್ನು ಒಂದು ಕಡೆಗೆ ಓರೆಯಾಗಿ ತರಿದಿದ್ದರು. ಮಳೆನೀರು ಇಳಿದುಹೋಗಲೆಂದು ಇರಬೇಕು ಎಂದುಕೊಂಡೆ. ಅಲ್ಲಿಗೆ ಕಮಿಟಿಯವರ ದೊಡ್ಡ ತೋಣಿ ಬಂತು. ಕೆಲಸ ಮಾಡಿದ್ದು ಆಚಾರಪ್ಪ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಹಲಗೆಗಳ ಅಂಚು ನೋಡಿದರೆ ಸಾಕಿತ್ತು.

ಅಟ್ಟಣೆ ಏಳುವುದಕ್ಕಿಂತ ಮೊದಲೇ ಅಪ್ಪನ ಕಿವಿಗೆ ಬಂದದ್ದು ಊರಿನ ಮಾತು. ಚಹದಂಗಡಿಯ ಜಗಲಿಯಲ್ಲಿ ಕಮಿಟಿ ಸೇರಿದಾಗ ಆಚಾರಪ್ಪ ನನ್ನ ಪುಸ್ತಕ ಬಿಡಿಸಿ, ಒಂದೊಂದೇ ಸಾಲನ್ನು ಮಲಯಾಳದಲ್ಲಿ ಹೇಳಿದ್ದರಂತೆ. ಬಂಡೆಯ ಸಾಲು, ಕೆಸರಿನ ಸಾಲು, ಹೆಗಲಿನ ಸಾಲು. ಮರುದಿನ ಅಂಗಡಿಯವನು ಅಪ್ಪನನ್ನು ಕಂಡು, "ಏನಪ್ಪ ತೋಣಿಕ್ಕಾರ, ಹೆಗಲು ಬಾಡಿಗೆಗೆ ಬಿಟ್ಟಿದ್ದೀಯಂತೆ? ನಿನ್ನ ಮೋಳು ಎಲ್ಲಾ ಬರ್ದಿಟ್ಟವ್ಳೆ" ಎಂದ.

ಅಪ್ಪ ಮನೆಗೆ ಬಂದು ನನ್ನನ್ನು ಬೈಯಲಿಲ್ಲ. ಊಟಕ್ಕೆ ಕೂತಾಗ, "ನನ್ನ ಹೆಗಲ ಮೇಲೆ ಕೈ ಇಡ್ತರೆ ಅಂತ ನಂಗೇ ಗೊತ್ತಿರ್ನಿಲ್ಲ ಕೂಸೇ" ಎಂದ. ಕೈ ತೊಳೆಯಲು ಏಳುತ್ತ, "ಗೊತ್ತಿಲ್ಲದೇ ಇದ್ದಿದ್ರೆ ಚೆನ್ನಾಗಿತ್ತು" ಎಂದ.

ಆಮೇಲಿನದನ್ನು ಬರೆಯಲು ನನಗೆ ಇವತ್ತಿಗೂ ಕಷ್ಟ. ಮಾರನೆಯ ದಿನದಿಂದ ಯಾರಾದರೂ ಇಳಿಯಲು ಎದ್ದರೆ ಅಪ್ಪನ ಹೆಗಲು ಬಿಗಿಯುತ್ತಿತ್ತು. ಕೈ ಬರುತ್ತದೆಂದು ಅವನಿಗೆ ಗೊತ್ತು. ಕೈಯಿಡುವವರಿಗೂ ಈಗ ಗೊತ್ತು. ಹೆಂಗಸರು ಕೈ ಚಾಚಿ, ನಾಚಿ, ಹಿಂದಕ್ಕೆಳೆದುಕೊಂಡು ತಡವರಿಸುತ್ತಿದ್ದರು. ಒಂದಿಬ್ಬರು ಗಂಡಸರು ಬೇಕೆಂದೇ ಒತ್ತಿ ಹಿಡಿದು ನಗುತ್ತಿದ್ದರು. ವರ್ಷಾನುಗಟ್ಟಲೆ ತಾನಾಗಿ ನಡೆದಿದ್ದೊಂದು ನಾನು ಬರೆದದ್ದರಿಂದ ನಿಂತುಹೋಯಿತು. ಬೇಸಿಗೆ ಬರುವಷ್ಟರಲ್ಲಿ ಎಲ್ಲರೂ ಮೇಲಿನ ಅಟ್ಟಣೆಗೆ ಹೋಗುತ್ತಿದ್ದರು. ಅವರ ಕಾಲು ಮೊದಲಿನಿಂದಲೂ ಆ ಕಡೆಗೇ ತಿರುಗುತ್ತಿತ್ತಲ್ಲ. ಕಮಿಟಿಯವರು ತಮ್ಮ ತೋಣಿಗೆ ಬಾ ಎಂದು ಅಪ್ಪನನ್ನು ಎರಡು ಸಲ ಕರೆದರು. ಅವನು ಹೋಗಲಿಲ್ಲ. ಆ ಚೆಂದದ ಹುಟ್ಟನ್ನು ಕೊಟ್ಟಿಗೆಯ ಬಾಗಿಲಿಗೆ ಅಗುಳಿಯಾಗಿ ಹಾಕಿದ. ಕಡವಿನ ತೋಣಿ ಬಿದಿರು ಮೆಳೆಯ ಕೆಳಗೆ ಬೋರಲು ಬಿದ್ದಿತು.

ಒಂದು ಬೆಳಿಗ್ಗೆ ನಾನು ಆಚಾರಪ್ಪನ ಚಪ್ಪರಕ್ಕೆ ಹೋದೆ. ಅವರು ಒಂದು ಕಾವನ್ನು ಹೆರೆಯುತ್ತಿದ್ದರು.

"ಅಪ್ಪನ ಹೆಗಲಿಗೆ ನೂಲು ಹಿಡಿದದ್ದು ಹುಟ್ಟಿಗೆ ಅಂದಿದ್ರಿ."

"ಹುಟ್ಟು ಬಂತಲ್ಲವ್ವ ಮನೆಗೆ?"

"ಕಂಬಾನೂ ಬಂತು."

ಅವರು ಹೆರೆಯುವುದನ್ನು ನಿಲ್ಲಿಸಿದರು. "ಹೆಂಗಸರು ಬೀಳ್ತಿದ್ರು. ಕೆಸರು ಅಂತ ನೀನೇ ಬರೆದಿದ್ದೆ. ಬಂಡೆ ಅಂತಾನೂ ನೀನೇ ಬರೆದಿದ್ದೆ."

"ನಿಮಗೆ ಅಂತ ಬರೆದದ್ದು. ಜಗಲೀಲಿ ಓದಲಿ ಅಂತ ಅಲ್ಲ. ಹುರಿ ನನ್ನ ಕೈಲೇ ಹಿಡಿಸಿದ್ರಲ್ಲ."

ಅವರ ಹೆಬ್ಬೆರಳು ಕಾವಿನ ಮೇಲೆ ಹಿಂದೆ ಮುಂದೆ ಆಡುತ್ತಿತ್ತು. ತಮಗೆ ಗೊತ್ತಿಲ್ಲದೆ ಮಾಡುತ್ತಿದ್ದಾರೆ ಎಂದು ನನಗೆ ಕಂಡಿತು. ಅವರಿಂದ ಕಲಿತ ನೋಟದಿಂದಲೇ ಅವರನ್ನು ನೋಡಿದೆ.

"ನೋಡಾಕೆ ಹೇಳ್ಕೊಟ್ಟೆ" ಎಂದರು ಕೊನೆಗೆ. "ನೋಡಿದ್ನ ಏನು ಮಾಡಬೇಕು ಅಂತ ನಂಗೂ ಯಾರೂ ಹೇಳ್ಕೊಡ್ನಿಲ್ಲ."

ಒಳಗೆ ಹೋಗಿ ಪುಸ್ತಕ ತಂದುಕೊಟ್ಟರು. ಹೆಗಲಿನ ಪುಟದಲ್ಲಿ ಗುರುತಿಗೆಂದು ಒಂದು ಮರದ ಹೆರೆಸುರುಳಿ ಇಟ್ಟಿದ್ದರು. ಅದನ್ನು ಅವರೆದುರೇ ತೆಗೆದು ಕೆಳಗೆ ಹಾಕಿ ಬಂದೆ. ಆಮೇಲೆ ಅವರ ಚಪ್ಪರಕ್ಕೆ ನಾನು ಹೋಗಲಿಲ್ಲ, ಅವರು ನಮ್ಮ ಮನೆಗೆ ಬರಲಿಲ್ಲ. ಆ ಜೂನಿನಲ್ಲಿ ಮೈಸೂರಿಗೆ ಹೋದೆ.

ಕಾಲೇಜಿನಲ್ಲಿ ಗೃಹವಿಜ್ಞಾನ ಓದಿದೆ, ಮುಂದೆ ಅದೇ ಊರಿನಲ್ಲಿ ಮನೆಬಳಕೆಯ ಸಾಮಾನುಗಳ ವಿನ್ಯಾಸ ಕಲಿಸುವ ಕೆಲಸಕ್ಕೆ ಸೇರಿದೆ. ಪ್ರತಿ ವರ್ಷ ಮೊದಲ ತರಗತಿಯಲ್ಲಿ ನಾನು ಪುಸ್ತಕ ತೆರೆಸುವುದಿಲ್ಲ. ಯಾವುದಾದರೂ ಒಂದು ಬಾಗಿಲಿನ ಎದುರು ಒಂದು ದಿನ ಕೂತು, ಜನ ತಮಗೆ ಗೊತ್ತಿಲ್ಲದೆ ಮಾಡುವುದನ್ನು ಬರೆದು ತನ್ನಿ, ಅವರನ್ನು ಏನೂ ಕೇಳಬೇಡಿ ಎನ್ನುತ್ತೇನೆ. ಮಕ್ಕಳು ಇದನ್ನು ನನ್ನ ಪದ್ಧತಿ ಎಂದು ಕರೆಯುತ್ತಾರೆ. ತಿದ್ದಲಿಲ್ಲ. ಮೋಸ ಮಾಡಿದವರ ಹೆಸರನ್ನು ಯಾಕೆ ಹೇಳಬೇಕೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬರೆದು ತಂದದ್ದನ್ನು ಏನು ಮಾಡಬೇಕೆಂದು ಮಕ್ಕಳು ಕೇಳಿದಾಗ ಒಂದೊಂದು ವರ್ಷ ಒಂದೊಂದು ಉತ್ತರ ಕೊಟ್ಟಿದ್ದೇನೆ. ನೋಡಿಸಿಕೊಂಡವರಿಗೇ ಮೊದಲು ತೋರಿಸಿ ಎಂದು ಹೇಳಿದ್ದುಂಟು. ಅಪ್ಪನ ಬಿಗಿದ ಹೆಗಲು ನೆನಪಾಗಿ, ಅವರಿಗೆ ಎಂದಿಗೂ ತೋರಿಸಬೇಡಿ ಎಂದದ್ದೂ ಉಂಟು.

ಈ ಬರಹಕ್ಕೆಂದು ಹಳೆಯ ದಿನಚರಿ ತೆಗೆದಾಗ ಬೆರಳಿನ ವಿಷಯದ ಜೊತೆ ಇನ್ನೊಂದು ಸಾಲು ಸಿಕ್ಕಿತು. ಚೇಡತ್ತಿ ಬಿದ್ದ ಮೂರನೆಯ ದಿನದ್ದು. 'ಆಚಾರಪ್ಪ ಬಂದಿದ್ದರು. ತೋಣಿಯನ್ನು ಬಂಡೆಗೆ ಬದಲಾಯಿಸು, ಕಟ್ಟಿಕೊಡುತ್ತೇನೆ ಎಂದು ಅಪ್ಪನಿಗೆ ಹೇಳಿದರು. ನನ್ನಪ್ಪ ಹಾಕಿದ ಕಡವು ಎಂದು ಅಪ್ಪ ನಕ್ಕ. ಕಾಫಿ ಕೊಟ್ಟೆ.'

ನಾನು ಅಲ್ಲಿದ್ದೆ. ಕಾಫಿ ಕೊಟ್ಟಿದ್ದೆ. ಇಷ್ಟು ವರ್ಷ ನಾನು ಹೇಳಿಕೊಂಡು ಬಂದ ಕಥೆಯಲ್ಲಿ ಆಚಾರಪ್ಪ ನಮ್ಮ ಮನೆಗೆ ಬಂದು ಹೀಗೆ ಕೇಳುವುದೇ ಇಲ್ಲ, ಬೆನ್ನ ಹಿಂದೆಯೇ ಎಲ್ಲ ನಡೆಯುತ್ತದೆ. ಆ ಸಾಲನ್ನು ನನ್ನ ನೆನಪು ಯಾವಾಗ ಕಿತ್ತುಹಾಕಿತೋ ಗೊತ್ತಿಲ್ಲ. ಆದರೂ ಅದೊಂದು ಸಾಲಿನಿಂದ ಅವರ ಲೆಕ್ಕ ಚುಕ್ತಾ ಆಗುವುದಿಲ್ಲ. ಅಪ್ಪ ಬೇಡವೆಂದ ಮೇಲೆ ಅವರು ಇನ್ನೊಮ್ಮೆ ಬಂದು, ಕಮಿಟಿಗೆ ಕಟ್ಟಿಕೊಡುತ್ತಿದ್ದೇನೆ ಎನ್ನಬಹುದಿತ್ತು. ಹುರಿ ಹಿಡಿಯುವಾಗ ಹೇಳಬಹುದಿತ್ತು. ಅವರು ಜೋಕು ಮಾಡಿದರು, ನಾವು ನಕ್ಕೆವು.

ಅವರು ತೀರಿಕೊಂಡ ಸುದ್ದಿ ತಮ್ಮನ ಕಾಗದದಲ್ಲಿ ಬಂತು. ಅಪ್ಪ ಹೋಗಿ ಆಗ ನಾಲ್ಕು ವರ್ಷ. ಹೋಗಬೇಕೆ ಬೇಡವೆ ಎಂದು ಎರಡು ದಿನ ತೂಗಿ, ಕೊನೆಗೆ ಆಚೆ ದಡದವರೆಗೆ ಬಸ್ಸಿನಲ್ಲಿ ಬಂದೆ. ಮಳೆ ಕಳೆದು ಹೊಳೆ ಇಳಿದ ದಿನಗಳು. ಅಷ್ಟು ವರ್ಷ ಊರಿಗೆ ಬಂದಾಗಲೆಲ್ಲ ಕಮಿಟಿಯ ತೋಣಿಯಲ್ಲೇ ದಾಟಬೇಕಿತ್ತು. ದಾಟಿದಾಗಲೆಲ್ಲ ಎರಡೂ ಕೈಯಲ್ಲಿ ಚೀಲ ತಬ್ಬಿಕೊಂಡು ಇಳಿಯುತ್ತಿದ್ದೆ, ಆ ಕಂಬವನ್ನು ಮುಟ್ಟಬಾರದೆಂದು. ಒಂದು ಸಲವೂ ಮುಟ್ಟಿರಲಿಲ್ಲ. ಅಂದೂ ಚೀಲ ತಬ್ಬಿಕೊಂಡೇ ಎದ್ದೆ. ಮೇಲೆ ದಾರಿಯಲ್ಲಿ ತಮ್ಮ ನಿಂತಿದ್ದ. ತಿಥಿ ಆಯಿತೇ ಎಂದು ಅವನನ್ನು ಕೂಗಿ ಕೇಳುತ್ತ ಕಾಲು ಹೊರಗಿಟ್ಟೆ. ಅವನು ಏನೋ ಹೇಳಿದ. ನನಗೆ ಕೇಳಿಸಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನನ್ನ ಕೈ ಎಲ್ಲಿದೆ ಎಂದು ನನಗೆ ಗೊತ್ತಾಗಿತ್ತು.

ಕಂಬದ ತಲೆ ಸಾವಿರಾರು ಕೈಗಳಿಂದ ಉಜ್ಜಿ ನುಣ್ಣಗಾಗಿತ್ತು. ಅದರ ಓರೆ ಮಳೆನೀರಿಗಾಗಿ ತರಿದದ್ದಾಗಿರಲಿಲ್ಲ. ಅದು ಹೊಳೆಯ ಕಡೆಗೆ ಇಳಿದಿತ್ತು, ಹುಟ್ಟು ಹಾಕಿ ಹಾಕಿ ಇಳಿದ ಹೆಗಲಿನಷ್ಟೇ. ಅಪ್ಪನದೊಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ. ಅವನ ಎತ್ತರ ಎಷ್ಟಿತ್ತೆಂದು ಯಾರಾದರೂ ಕೇಳಿದರೆ ನಾನೂ ತಮ್ಮನೂ ಬೇರೆ ಬೇರೆ ಹೇಳುತ್ತೇವೆ.

ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಹಿಂದೆ, ತಲೆಯ ಮೇಲೆ ಬುಟ್ಟಿ ಹೊತ್ತು ಇಳಿಯಲು ಕಾಯುತ್ತಿದ್ದ ಹೆಂಗಸೊಬ್ಬಳು, "ಚೇಚಿ, ಸ್ವಲ್ಪ ಕೈ ತೆಗೀರಿ, ನಾವೂ ಹಿಡ್ಕಂಡು ಇಳೀಬೇಕು" ಎಂದಳು.